ಸನ್ನತಿಯ ದಾರಿಗೆ ಸಿದ್ಧತೆ

ಬೇಲೂರು
೯ ಡಿಸೆಂಬರ್ ೨೦೨೫, ಮಂಗಳವಾರ

ಉಷಾರಾಣಿಗೆ ಮಂಜುಳಾ ಬರೆಯುವುದು.

‘ಪ್ರೀತಿಯ ಉಷಾ’ ಎಂದೇ ಶುರುಮಾಡಿ ರೂಢಿ. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ನೀನು ಅಜ್ಜಿಯ ಊರಿಗೆ ಹೋದಾಗ ನಾನು ಬರೆಯುತ್ತಿದ್ದ ಕಾರ್ಡುಗಳಲ್ಲೂ ಹಾಗೇ ಇರುತ್ತಿತ್ತು. ಈ ಸಲ ಆ ಮೊದಲ ಪದ ಬರೆಯಲು ಕೈ ಏಳಲಿಲ್ಲ. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ.

ಈ ಕಾಲದಲ್ಲಿ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನೀನು ನಗಬಹುದು. ಫೋನಿನಲ್ಲಿ ಬರೆದರೆ ನೀನು ಮೊದಲು ಅಳುವ ಮುಖ ಕಳಿಸುತ್ತೀಯ, ಆಮೇಲೆ ಕೈಮುಗಿಯುವ ಚಿತ್ರ, ಮಾರನೇ ದಿನ ಏನೂ ಆಗದವಳ ಹಾಗೆ ‘ಸೈಕಲ್ ಟ್ಯೂಬ್ ತಂದ್ಯೇನೇ’ ಎಂದು ಕೇಳುತ್ತೀಯ. ನಾನೂ ‘ತಂದೆ ಕಣೇ’ ಎಂದು ಬರೆದುಬಿಡುತ್ತೇನೆ. ನಮ್ಮ ಜಗಳಗಳೆಲ್ಲ ಮುಗಿದಿರುವುದು ಹೀಗೆಯೇ. ಇದು ಹಾಗೆ ಮುಗಿಯುವುದು ನನಗೆ ಬೇಡ.

ಮಾದಿಹಳ್ಳಿಯಿಂದ ಬಂದ ಮೇಲೆ ‘ಯಾಕೇ ಸರಿಯಾಗಿ ಮಾತಾಡ್ತಿಲ್ಲ’ ಎಂದು ನೀನು ಮತ್ತೆ ಮತ್ತೆ ಕೇಳಿದೆ. ನಾನು ಮೊಣಕಾಲು ನೋವು ಎಂದೆ. ನೀನು ನಂಬಿಬಿಟ್ಟೆ. ಸೀಟು ಇನ್ನೊಂದು ಬೆರಳು ಮೇಲೆತ್ತಿಸು, ಹರಳೆಣ್ಣೆ ಬಿಸಿ ಮಾಡಿ ಹಚ್ಚು ಎಂದು ಉಪದೇಶವನ್ನೂ ಮಾಡಿದೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ ಉಷಾ. ಅವು ಚೆನ್ನಾಗಿಯೇ ಇವೆ.

ನಾವು ಏನು ಮಾಡಹೊರಟಿದ್ದೆವು ಎಂಬುದನ್ನು ಮೊದಲು ಬರೆದುಕೊಳ್ಳುತ್ತೇನೆ, ನನಗೇ ಒಂದಿಷ್ಟು ನಂಬಿಕೆ ಬರಲಿ ಅಂತ. ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಬಂದಾಗ ನಾವಿಬ್ಬರೂ ಹಳೇಬೀಡಿನ ಕೆರೆ ಏರಿಯ ಮೇಲೆ ಕಲಿತವರು. ನೀನು ಬ್ರೇಕ್ ಹಿಡಿಯುವುದನ್ನು ಮರೆತು ಲಂಟಾನದ ಪೊದೆಗೆ ನುಗ್ಗಿದೆ, ಹಿಂದೆ ಬರುತ್ತಿದ್ದ ನಾನು ನಿನ್ನ ಮೇಲೆ ಬಿದ್ದೆ. ಆಮೇಲೆ ನೀನು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಗೆ ಸೊಸೆಯಾಗಿ ಹೋದೆ, ನಾನು ಪರೀಕ್ಷೆ ಪಾಸು ಮಾಡಿ ಬೇಲೂರಿನ ಖಜಾನೆ ಕಚೇರಿ ಸೇರಿದೆ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಬಂದವಳು ನಮ್ಮ ಮನೆಯ ಹೊಸಿಲ ಮೇಲೆ ಕೂತು, ‘ಮಕ್ಕಳ ಟಿಫನ್ ಬಾಕ್ಸು, ಮಾವನ ಬಿಪಿ ಮಾತ್ರೆ, ಇದರಲ್ಲೇ ಮುಗಿದೋಗುತ್ತೆ ಕಣೇ ನಂದು. ಒಂದ್ಸಲ ದೂರ ಹೋಗೋಣ, ಸೈಕಲ್ ತುಳ್ಕೊಂಡು’ ಎಂದೆ. ಅವತ್ತೇ ದಾರಿ ಗೊತ್ತುಮಾಡಿದೆವು. ಅರಸೀಕೆರೆಯಿಂದ ಹೊಸದುರ್ಗ, ಚಿತ್ರದುರ್ಗ, ಹೊಸಪೇಟೆ, ಕೂಡಲಸಂಗಮ, ಅಲ್ಲಿಂದ ಸನ್ನತಿ. ಸಂಗಮ ನಿನ್ನ ಆಸೆ, ಸನ್ನತಿ ನನ್ನದು. ಭೀಮಾ ನದಿ ದಂಡೆಯ ಆ ಸ್ತೂಪವನ್ನು ನಮ್ಮಪ್ಪ ಗಿಡ್ಡಪ್ಪ ಬುದ್ಧ ವಿಹಾರದ ಗೋಡೆಯ ಪಟದಲ್ಲಿ ಮಾತ್ರ ನೋಡಿದ್ದ. ಹೋಗೋಣ ಹೋಗೋಣ ಎನ್ನುತ್ತಲೇ ತೀರಿಕೊಂಡ.

ಕೆಲಸ ಹಂಚಿಕೊಂಡೆವು. ಸೈಕಲ್ಲು, ಸಾಮಾನು ನನ್ನ ಪಾಲು. ರಾತ್ರಿ ತಂಗುವ ಜಾಗ ನಿನ್ನ ಪಾಲು. ನನ್ನ ಪಾಲಿನ ಕೆಲಸವನ್ನು ಹೇಗೆ ಮಾಡಿದೆ ಎಂಬುದಕ್ಕೆ ನೀನೇ ಸಾಕ್ಷಿ. ಹಾಸನದಲ್ಲಿ ಅಲೆದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಎರಡು ಹುಡುಕಿದೆ. ಮುಂದೆ ಶಾಕ್ ಅಬ್ಸಾರ್ಬರ್ ಇರುವುದು ನೋಡಲು ಚೆಂದ, ಭಾರ ಹೊತ್ತು ದೂರ ಹೋಗುವವರಿಗೆ ಬೇಡ ಎಂದು ಕೇಳಿ ತಿಳಿದು, ಶಾಕ್ ಇಲ್ಲದ್ದನ್ನೇ ಆರಿಸಿದೆ. ನಿನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ದಪ್ಪ ಕಡ್ಡಿ ಹಾಕಿಸಿದೆ. ನೀನು ತೂಕ ಜಾಸ್ತಿ ಅಂತಲ್ಲ, ಸಾಮಾನು ಬಿಟ್ಟು ಬರುವ ಜಾತಿಯವಳಲ್ಲ ಅಂತ. ಬೇಲೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಆಟೋ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ, ಕ್ಯಾರಿಯರಿನ ಎರಡೂ ಕಡೆ ನೇತುಹಾಕುವಂಥ ಬ್ಯಾಗು ಹೊಲಿಸಿದೆ. ಟಾರ್ಪಾಲು ನಿಮ್ಮ ಮಂಡಿಯದು, ಕೊಬ್ಬರಿ ಲಾರಿಗೆ ಹೊದಿಸುತ್ತಿದ್ದದ್ದು. ಬಚ್ಚಲಲ್ಲಿಟ್ಟು ಬಿಂದಿಗೆಗಟ್ಟಲೆ ನೀರು ಸುರಿದು ನೋಡಿದೆ, ಒಳಗಿಟ್ಟ ಪೇಪರು ಒದ್ದೆಯಾಗಲಿಲ್ಲ. ಕೊಬ್ಬರಿ ವಾಸನೆ ಮಾತ್ರ ಇನ್ನೂ ಹೋಗಿಲ್ಲ.

ಪಂಕ್ಚರ್ ಹಾಕುವುದನ್ನು ಕಲಿತೆ. ಚೈನು ತುಂಡಾದರೆ ಕೊಂಡಿ ಸೇರಿಸುವುದನ್ನೂ ಬ್ರೇಕ್ ವೈರು ಬದಲಿಸುವುದನ್ನೂ ಕಲಿತೆ. ನಡುಮನೆಯಲ್ಲಿ ಸೈಕಲ್ ತಲೆಕೆಳಗು ಮಾಡಿಕೊಂಡು ಕೈಯೆಲ್ಲ ಮಸಿ ಮಾಡಿಕೊಂಡು ಕೂತಿದ್ದಾಗ ನಮ್ಮ ಯಜಮಾನರು ಭೀಮರಾಜ್, ‘ಖಜಾನೆ ಬಿಟ್ಟು ಸೈಕಲ್ ಶಾಪ್ ಇಡ್ತೀಯಾ ಹೆಂಗೆ’ ಎಂದು ಛೇಡಿಸಿದರು. ಒಳಗೆ ದಪ್ಪ ಪ್ಯಾಡ್ ಇರುವ ಸವಾರಿಯ ಚಡ್ಡಿಯನ್ನು ಒಗೆದು ತಂತಿಗೆ ಹಾಕಿದ್ದಾಗ ಬಸ್ತಿಹಳ್ಳಿಯಿಂದ ಬಂದಿದ್ದ ನಮ್ಮಮ್ಮ ಮಾರಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನ ಇಕ್ಕೊಂಡ್ ಮ್ಯಾಲೆ ಸೀಟ್ ಯಾಕವ್ವಾ, ಇದೇ ಒಂದು ದಿಂಬು ಆಗೈತಲ್ಲ’ ಎಂದಳು. ಅದನ್ನು ಹೇಳಿದಾಗ ನೀನು ನಕ್ಕು ನಕ್ಕು ಫೋನು ಕೆಳಗೆ ಬೀಳಿಸಿದೆ. ಹುರಿಹಿಟ್ಟು ಅಮ್ಮನೇ ಮಾಡಿಕೊಟ್ಟಳು. ಎಡ ಬಲ ಬ್ಯಾಗಿನ ಭಾರ ಸಮ ಇಲ್ಲದಿದ್ದರೆ ಇಳಿಜಾರಿನಲ್ಲಿ ಹ್ಯಾಂಡಲ್ ಒದರುತ್ತದೆ ಎಂದು ನಿಮ್ಮ ಮಂಡಿಯ ತೂಕದ ಯಂತ್ರದ ಮೇಲೆ ಒಂದೊಂದನ್ನೂ ಇಟ್ಟು ನೋಡಿದೆವು. ನಿನ್ನ ಮಾವ ಷಡಕ್ಷರಪ್ಪನವರು ಲೆಕ್ಕದ ಮೇಜು ಬಿಟ್ಟು ಎದ್ದುಬಂದು, ‘ಈ ಕಡೆ ಒಂಚೂರು ಜಾಸ್ತಿ ಐತಮ್ಮ, ಚಟ್ನಿಪುಡಿ ಆ ಕಡೆ ಹಾಕಿ’ ಎಂದು ತಾವೇ ಡಬ್ಬಿ ಬದಲಿಸಿದರು. ಅಷ್ಟು ದೊಡ್ಡ ವ್ಯಾಪಾರಸ್ಥರು ನಮ್ಮ ಹುಚ್ಚಾಟಕ್ಕೆ ಬೆನ್ನು ಬಗ್ಗಿಸಿದ್ದನ್ನು ಅವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ತಂಗುವ ವಿಷಯದಲ್ಲಿ ನೀನು ಒಂದೇ ಮಾತಿನಲ್ಲಿ ಕೈತೊಳೆದುಕೊಂಡೆ. ಇಬ್ಬರು ಹೆಂಗಸರು, ಲಾಡ್ಜು ಸರಿಹೋಗುವುದಿಲ್ಲ, ಟೆಂಟು ಹೊತ್ತರೆ ಭಾರ. ಮಾವನವರು ಫೋನ್ ಮಾಡಿದರೆ ದಾರಿಯುದ್ದಕ್ಕೂ ಮಠಗಳಿವೆ, ಬಿಸಿ ಊಟ, ಕದ ಇರುವ ಕೋಣೆ, ಸೈಕಲ್ಲಿಗೆ ಬೀಗ ಎಂದೆ. ಎಷ್ಟು ಒಳ್ಳೆಯ ಉಪಾಯ ಎಂದು ನಾನು ಕುಣಿದೆ. ಮಠದಲ್ಲಿ ಏನಾದರೂ ಕೇಳುತ್ತಾರೇನೇ ಎಂದು ಒಂದೇ ಸಲ ಕೇಳಿದ್ದೆ. ‘ಅದೆಲ್ಲಾ ನಾನ್ ನೋಡ್ಕೋತೀನಿ, ನೀನ್ ಟೈರ್ ನೋಡ್ಕೋ’ ಎಂದೆ. ನಾನು ಟೈರು ನೋಡಿಕೊಂಡೆ.

ಇನ್ನು ಮಾದಿಹಳ್ಳಿಯ ವಿಷಯ. ಪೂರ್ತಿ ಭಾರ ಹೇರಿ ಒಂದು ರಾತ್ರಿ ಎಲ್ಲಾದರೂ ತಂಗಿ ನೋಡೋಣ, ಏನು ಕಮ್ಮಿ ಏನು ಜಾಸ್ತಿ ತಿಳಿಯುತ್ತದೆ ಎಂದವಳು ನಾನೇ. ನೀನು ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಬರುವುದು, ನಾನು ಬೇಲೂರಿನಿಂದ ಬರುವುದು, ಹಳೇಬೀಡಿನಲ್ಲಿ ಸೇರಿ ರಾತ್ರಿ ಕಳೆದು, ಮಾರನೇ ದಿನ ಬೇಲೂರು ದಾಟಿ ಅರೇಹಳ್ಳಿಯ ಏರು ಹತ್ತಿ ನೋಡುವುದು. ರಾತ್ರಿಗೆ ಬಸ್ತಿಹಳ್ಳಿಯಲ್ಲಿ ಅಮ್ಮನ ಮನೆ ಇತ್ತು, ಹಳೇಬೀಡಿನ ಪಕ್ಕದಲ್ಲೇ. ‘ನಿಮ್ಮಮ್ಮಂಗೆ ಯಾಕೆ ತೊಂದ್ರೆ, ಮಾದಿಹಳ್ಳೀಲಿ ನಮ್ಮ ದೊಡ್ಡಮ್ಮ ಕಮಲಾಕ್ಷಮ್ಮ ಇದಾರಲ್ಲ’ ಎಂದೆ. ನಾನು ಆಯಿತೆಂದೆ. ಆದರೂ ದಾರಿಯಲ್ಲಿ ಅಮ್ಮನ ಮನೆಗೆ ಹೋಗದೆ ಇರಲಾಗುತ್ತದೆಯೇ? ಅವತ್ತು ಅಮ್ಮ ನಿನಗೆಂದೇ ಹೊಸ ಪಾತ್ರೆ ತಂದು ಅವರೆಕಾಳು ಸಾರು ಮಾಡಿದ್ದಳು. ನಮ್ಮ ಪಾತ್ರೆಯಲ್ಲಿ ಮಾಂಸ ಬೆಂದಿರುತ್ತದೆ, ಆ ಮಗಳಿಗೆ ಆಗಲ್ಲ ಅಂತ. ನೀನು ಸೈಕಲ್ ಸ್ಟ್ಯಾಂಡೂ ಹಾಕಲಿಲ್ಲ. ಸೋಮವಾರ ಕಣಮ್ಮ, ಒಪ್ಪೊತ್ತು ಎಂದು ನಿನ್ನ ಬಾಟಲಿಯಿಂದ ನೀರು ಕುಡಿದೆ. ನಮ್ಮ ಮನೆಗೆ ಬಂದರೆ ನಿನಗೆ ಯಾವಾಗಲೂ ಸೋಮವಾರ, ಇಲ್ಲವೇ ಹೊಟ್ಟೆ ಭಾರ. ಗೆಳತಿಯ ಮೇಲೆ ಇಂಥ ಲೆಕ್ಕ ಇಡಬಾರದೆಂದು ನಾನು ಇಟ್ಟಿರಲಿಲ್ಲ. ಅದೇ ರಾತ್ರಿ ಮಾದಿಹಳ್ಳಿಯಲ್ಲಿ ನೀನು ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡೆ.

ಮಾದಿಹಳ್ಳಿಯ ಮನೆ ಕಾಣುತ್ತಿದ್ದಂತೆ ನೀನು ಹುಣಸೆಮರದ ಕೆಳಗೆ ನಿಲ್ಲಿಸಿದೆ. ಬ್ರೇಕ್ ನೋಡುತ್ತಿದ್ದೀಯ ಅಂದುಕೊಂಡೆ. ಮುಂದಿನ ಬ್ಯಾಗಿನಿಂದ ಚಿಕ್ಕ ಡಬ್ಬಿ ತೆಗೆದು ವಿಭೂತಿ ಗಟ್ಟಿಯನ್ನು ನನ್ನ ಕಡೆ ಚಾಚಿದೆ. ‘ಹಚ್ಕೊಳ್ಳೇ, ಸುಮ್ನೆ ಒಂದ್ ಗೆರೆ. ದೊಡ್ಡಮ್ಮ ಹಳೇ ಕಾಲದೋರು. ತಿಪಟೂರು ಕಡೆ ನಂಟರು ಅಂತ ಹೇಳಿದೀನಿ, ನೀನೇನೂ ಮಾತಾಡ್ಬೇಡ’ ಎಂದೆ. ಟೈರಿಗೆ ಗಾಳಿ ಹೊಡೆದುಕೋ ಎನ್ನುವಷ್ಟು ಸಲೀಸಾಗಿ ಹೇಳಿದೆ. ಬೆವರು ಒರೆಸಿಕೊಳ್ಳಲು ನಿನ್ನದೇ ಟವೆಲನ್ನೂ ಕೊಟ್ಟೆ.

ನಾನು ಹಚ್ಚಿಕೊಂಡೆ. ಯಾಕೆ ಹಚ್ಚಿಕೊಂಡೆ ಎಂದು ಅವತ್ತಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸುಸ್ತಾಗಿತ್ತು, ಕತ್ತಲಾಗುತ್ತಿತ್ತು, ಮನೆಯ ನಾಯಿ ಬೊಗಳಿ ಒಳಗಿನಿಂದ ಯಾರೋ ಬರುತ್ತಿದ್ದರು. ಇವೆಲ್ಲ ನೆಪ. ನೀನು ಕೇಳಿದೆ, ಅದಕ್ಕೇ ಹಚ್ಚಿಕೊಂಡೆ. ಅಪ್ಪ ಸಾಯುವವರೆಗೂ ಯಾರ ಎದುರಿಗೂ ತನ್ನ ಹೆಸರು ಊರು ಮರೆಸಿ ಮಾತಾಡಿದವನಲ್ಲ. ಅವನ ಮಗಳು ಅವನ ಊರಿನ ಮಗ್ಗುಲಲ್ಲೇ ಹುಣಸೆಮರದ ಮರೆಯಲ್ಲಿ ಬೇರೆಯವಳಾದಳು. ಇದನ್ನು ಭೀಮರಾಜ್‌ಗೆ ಹೇಳಿಲ್ಲ, ಅಮ್ಮನಿಗಂತೂ ಹೇಳುವುದೇ ಇಲ್ಲ.

ಕಮಲಾಕ್ಷಮ್ಮನವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ‘ಬಾರವ್ವ ಬಾ, ಎಷ್ಟು ದೂರದಿಂದ ತುಳ್ಕೊಂಡು ಬಂದಿದೀಯ’ ಎಂದು ಕೈಹಿಡಿದು ಒಳಗೆ ಕರೆದರು. ಬಿಸಿನೀರು ಕಾಯಿಸಿಕೊಟ್ಟರು. ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿ ಬಡಿಸಿದರು. ಮಲಗುವಾಗ ತಮ್ಮ ಕಂಬಳಿಯನ್ನೇ ನನಗೆ ಹೊದಿಸಿ, ನನ್ನ ಪಾದಕ್ಕೆ ಎಣ್ಣೆ ಹಚ್ಚಲು ಬಂದರು. ದೊಡ್ಡವರು ಕಾಲು ಮುಟ್ಟಬೇಡಿ ಎಂದರೆ, ‘ಮಗಳ ಕಾಲು ಮುಟ್ಟಿದ್ರೆ ಏನಾಯ್ತದೆ ಸುಮ್ಕಿರು’ ಎಂದು ಗದರಿದರು. ಎಣ್ಣೆ ಹಚ್ಚುತ್ತಲೇ, ‘ನಮ್ಮ ಷಡಕ್ಷರಪ್ಪನೋರೇ ಫೋನ್ ಮಾಡಿ ಹೇಳವ್ರೆ, ತಿಪಟೂರು ಕಡೆ ನಂಟರ ಮಗಳು ಅಂತ. ಅವ್ರು ಹೇಳಿದ್ಮೇಲೆ ಮುಗೀತು’ ಎಂದರು. ಆ ಪ್ರೀತಿಯೆಲ್ಲ ತಿಪಟೂರಿನ ಯಾವಳೋ ಮಂಜುಳೆಗೆ ಹೋಗುತ್ತಿತ್ತು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡೆ.

ಅಲ್ಲಿಯವರೆಗೂ ಇದು ದೊಡ್ಡಮ್ಮನೊಬ್ಬರಿಗೆ ಹೇಳಿದ ಸು‌ಳ್ಳು ಅಂದುಕೊಂಡಿದ್ದೆ. ನಿನ್ನ ಮಾವನವರ ಹೆಸರು ಬಂದ ಮೇಲೆ ಗೊತ್ತಾಯಿತು. ಹಾಗಾದರೆ ಅರಸೀಕೆರೆಯ ಮನೆಯಲ್ಲೂ ನಾನು ಶುರುವಿನಿಂದ ತಿಪಟೂರಿನ ನಂಟರ ಮಗಳೇ. ನಿನ್ನ ಮದುವೆಯಾದಾಗಿನಿಂದ ಆ ಮನೆಗೆ ಬಂದು ಹೋಗುತ್ತಿದ್ದೇನೆ. ನಿನ್ನ ಬಾಣಂತನದಲ್ಲಿ ವಾರಗಟ್ಟಲೆ ಇದ್ದೆ, ಮಗುವಿಗೆ ನೀರೆರೆದೆ. ಅವರೆಲ್ಲ ನನ್ನನ್ನು ನನ್ನ ಹಾಗೇ ಕಂಡು ಒಪ್ಪಿದ್ದಾರೆ ಎಂದು ಹೆಮ್ಮೆಪಟ್ಟು, ಅಮ್ಮನ ಎದುರಿಗೆ ಎಷ್ಟೋ ಸಲ ನಿಮ್ಮ ಮನೆಯನ್ನು ಹೊಗಳಿದ್ದೇನೆ. ಕಾಲ ಬದಲಾಗಿದೆ ಕಣಮ್ಮ, ನೀನಿನ್ನೂ ಹಳೆಯದನ್ನೇ ಹಿಡಿದುಕೊಂಡಿದ್ದೀಯ ಎಂದು ಅವಳಿಗೇ ಬುದ್ಧಿ ಹೇಳಿದ್ದೇನೆ.

ಬೆಳಗಿನದನ್ನೂ ಬರೆಯುತ್ತೇನೆ, ನೀನದನ್ನು ನಗೆಚಾಟಿಕೆ ಮಾಡಿದ್ದೀಯಲ್ಲ. ಸ್ನಾನವಾಗುತ್ತಲೇ ಕಮಲಾಕ್ಷಮ್ಮನವರು ಮೂರು ಮಣೆ ಹಾಕಿ, ಪತ್ರೆ ಹೂವು ಇಟ್ಟು, ಲಿಂಗಪೂಜೆ ಮುಗಿಸಿ ತಿಂಡಿ ತಿನ್ನೋಣ ಬನ್ನಿ ಎಂದರು. ಅವರು ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡರು. ನೀನೂ ನಿನ್ನದನ್ನು ತೆಗೆದೆ. ನನ್ನ ಅಂಗೈ ಖಾಲಿ. ಅವರು ನನ್ನ ಕಡೆ ತಿರುಗುವಷ್ಟರಲ್ಲಿ ನಿನಗೆ ಗಾಬರಿಯಾಗಿ, ‘ಅವಳು ಮುಟ್ಟು ದೊಡ್ಡಮ್ಮ, ಸೂತಕ, ಅದಕ್ಕೆ ಬಿಟ್ಟು ಬಂದವಳೆ’ ಎಂದುಬಿಟ್ಟೆ. ಹುಟ್ಟಿನಿಂದ ಲಿಂಗ ಕಟ್ಟಿಕೊಂಡವಳು ಇಂಥ ತಪ್ಪು ಮಾಡುವುದೇನೇ? ಆ ಮುದುಕಿ ಪೂಜೆ ನಿಲ್ಲಿಸಿ ನಿನ್ನನ್ನು ದುರುಗುಟ್ಟಿ ನೋಡಿದರು. ‘ಲಿಂಗ ಕಟ್ಟಿದೋರಿಗೆ ಎಂಥಾ ಸೂತಕವೇ? ಮೈಲಿಗೆ ಇಲ್ಲ ಅಂತ ತಾನೆ ನಮ್ಮ ಹಿರೀಕರು ಇದನ್ನ ಕೊಟ್ಟಿದ್ದು. ಯಾರೇ ನಿಂಗೆ ಇದನ್ನ ಕಲಿಸ್ದೋರು’ ಎಂದು ಬೈದರು. ನನ್ನನ್ನು ಹತ್ತಿರ ಎಳೆದು ಕೂರಿಸಿಕೊಂಡು, ತಮ್ಮ ಪೂಜೆಯ ತೀರ್ಥವನ್ನು ನನ್ನ ಕೈಗೆ ಹಾಕಿದರು. ಮೈಲಿಗೆ ಇಲ್ಲ ಎನ್ನುವ ಧರ್ಮ ಅದು ಎಂದು ಅವರಿಗೆ ಗೊತ್ತಿತ್ತು. ನೀನು ಅದೇ ಧರ್ಮದ ವಿಭೂತಿಯನ್ನು ನನ್ನ ಮೈಲಿಗೆ ಮುಚ್ಚಲು ತಂದಿದ್ದೆ.

ಹೊರಡುವಾಗ ಅವರು ನನಗೆ ಕುಂಕುಮ ಇಟ್ಟು, ಅಕ್ಕಿ ತೆಂಗಿನಕಾಯಿ ರವಿಕೆ ಕಣ ಕೊಟ್ಟು ಮಡಿಲು ತುಂಬಿದರು. ಹಿಂದಕ್ಕೆ ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಅದನ್ನು ಬಲಗಡೆಯ ಬ್ಯಾಗಿಗೆ ತುರುಕಿ ಹೊರಟೆ. ಬೇಲೂರಿನ ದಾರಿಯಲ್ಲಿ ನೀನು ಹಾಡಿಕೊಂಡು ಸೈಕಲ್ ಹೊಡೆಯುತ್ತಿದ್ದೆ. ‘ನೋಡ್ದಾ, ಎಷ್ಟು ಸುಲಭ. ಎಲ್ಲಾ ಮಠಕ್ಕೂ ಮಾವ ಹಿಂಗೇ ಹೇಳಿದಾರೆ. ದಾರಿಯುದ್ದಕ್ಕೂ ಹಿಂಗೇ ಮಾಡೋಣ, ಯಾರಿಗೂ ನೋವಾಗಲ್ಲ’ ಎಂದೆ. ಆ ‘ಯಾರಿಗೂ’ ಎಂಬುದರಲ್ಲಿ ನಾನು ಇರಲಿಲ್ಲ. ಅರೇಹಳ್ಳಿಗೆ ಬರುವುದಿಲ್ಲ, ಮೊಣಕಾಲು ನೋಯುತ್ತಿದೆ ಎಂದದ್ದು ಅಲ್ಲೇ.

ಆಮೇಲೆ ನಾನೊಂದು ಕೆಲಸ ಮಾಡಿದೆ. ದಾರಿಯ ಪಟ್ಟಿಗಾಗಿ ನೀನು ಮಠಗಳ ಫೋನ್ ನಂಬರ್ ಕೊಟ್ಟಿದ್ದೆಯಲ್ಲ, ಮೊನ್ನೆ ಶುಕ್ರವಾರ ಮಧ್ಯಾಹ್ನ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಮೊದಲನೆಯದಕ್ಕೆ ಫೋನ್ ಮಾಡಿದೆ, ಹೊಸದುರ್ಗದ ಕಡೆಯದಕ್ಕೆ. ನಾನು ಮಂಜುಳಾ, ಬಸ್ತಿಹಳ್ಳಿಯ ಗಿಡ್ಡಪ್ಪ ಮಾರಮ್ಮನವರ ಮಗಳು, ನಾವು ಬೌದ್ಧರು, ನಿಮಗೆ ತಿಪಟೂರಿನವಳು ಎಂದು ಹೇಳಿರುವವಳು ನಾನೇ, ಹಾಗೆ ಬಂದರೆ ಜಾಗ ಕೊಡುತ್ತೀರಾ ಎಂದು ಕೇಳಿದೆ. ಆ ಕಡೆಯವರು ಮಠದ ಮೇಲ್ವಿಚಾರಕರು. ‘ಅದನ್ನ ಯಾಕ್ ತಾಯಿ ಹೇಳ್ತೀರ, ನಾವು ಕೇಳೋದೇ ಇಲ್ವಲ್ಲ. ಆಧಾರ್ ಕಾರ್ಡ್ ತನ್ನಿ ಸಾಕು. ಊಟಕ್ಕೆ ಎಂಟು ಗಂಟೆ ಒಳಗೆ ಬಂದ್ಬಿಡಿ, ಸೈಕಲ್ ಇಡಾಕೆ ಒಳಗೇ ಜಾಗ ಐತೆ’ ಎಂದರು. ಎರಡನೆಯದರಲ್ಲೂ ಅದೇ ಉತ್ತರ. ಒಂದು ಕಡೆ ಮಾತ್ರ ಗಂಡಸರಿಲ್ಲದೆ ಬರುವ ಹೆಂಗಸರಿಗೆ ಕೋಣೆ ಕೊಡುವುದಿಲ್ಲ ಎಂದರು. ಅಲ್ಲಿ ನೀನು ಹೋದರೂ ಅದೇ ಗತಿ, ವಿಭೂತಿ ಎಷ್ಟು ಬಳಿದುಕೊಂಡರೂ ಅಷ್ಟೆ.

ಆ ಸುಳ್ಳು ಮಠದವರಿಗೆ ಬೇಕಿರಲಿಲ್ಲ ಉಷಾ, ನಿನಗೆ ಬೇಕಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀನು ನನ್ನ ಸ್ನೇಹವನ್ನು ಕುಡಿದೆ. ಗೆಳತಿಯೂ ಬೇಕು, ಗೆಳತಿಯ ಊರು ಕೇರಿ ಬೇಡ. ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದು ಹೇಳಲಾರೆ, ಅಷ್ಟು ಕಣ್ಣು ಕಟ್ಟಿಲ್ಲ ನನಗೆ. ಅಪ್ಪ ಸತ್ತಾಗ ಅರಸೀಕೆರೆಯಿಂದ ಓಡಿಬಂದು ರಸ್ತೆಯಲ್ಲಿ ನಿಂತು ಅತ್ತವಳು ನೀನು. ರಸ್ತೆಯಲ್ಲಿ ಏಕೆ ನಿಂತೆ, ಮನೆಯೊಳಗೆ ಯಾಕೆ ಬರಲಿಲ್ಲ ಎಂದು ಅವತ್ತು ನನಗೆ ತೋಚಿರಲಿಲ್ಲ. ಈಗ ಎಲ್ಲವೂ ತೋಚುತ್ತದೆ, ನಿದ್ದೆಗೆಡಿಸುತ್ತದೆ.

ಭೀಮರಾಜ್ ಜೊತೆ ಕರೆದುಕೊಂಡು ಹೋಗಲೇ ಎಂದು ಯೋಚಿಸಿದೆ. ಇಲ್ಲ, ಈ ದಾರಿ ಹಾಕಿದ್ದು ನಾವಿಬ್ಬರು. ನಿನ್ನನ್ನು ಬಿಟ್ಟು ಹೋದರೆ ಸೇಡು ತೀರಿಸಿಕೊಂಡ ಹಾಗಾಗುತ್ತದೆ, ಹೀಗೇ ಕರೆದುಕೊಂಡು ಹೋದರೆ ಸತ್ತ ಅಪ್ಪನಿಗೆ ಮುಖ ತೋರಿಸಲಾರೆ. ಆದ್ದರಿಂದ ಒಂದು ಮಾತು ಕೇಳುತ್ತೇನೆ. ಇಪ್ಪತ್ತನೇ ತಾರೀಕು ಶನಿವಾರ ನಾವು ಹೊರಡುವ ದಿನ. ನನ್ನ ರಜೆ ಮಂಜೂರಾಗಿದೆ. ಅವತ್ತು ನಾನು ಭಾರ ಹೇರಿಕೊಂಡು ಅರಸೀಕೆರೆಗೆ, ನಿಮ್ಮ ಮನೆ ಬಾಗಿಲಿಗೆ ಬರುತ್ತೇನೆ. ಅಷ್ಟರೊಳಗೆ ನಿನ್ನ ಮಾವನವರಿಗೂ ಅತ್ತೆಗೂ ನಿನ್ನ ಯಜಮಾನರು ಶಶಿಕಿರಣ್‌ಗೂ ನಾನು ಯಾರೆಂದು ನಿನ್ನ ಬಾಯಿಂದ ಹೇಳಿರಬೇಕು. ಬಸ್ತಿಹಳ್ಳಿ, ಗಿಡ್ಡಪ್ಪ, ಮಾರಮ್ಮ, ಯಾವುದನ್ನೂ ಬಿಡದೆ ಹೇಳಿರಬೇಕು.

ಅವರು ಬೈಯಬಹುದು. ಬೈಯಲಿ, ತಪ್ಪೇನಿಲ್ಲ. ಷಡಕ್ಷರಪ್ಪನವರ ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪಾಪ, ಸೊಸೆಯ ಮಾತು ನಂಬಿ ಊರೂರಿನ ಮಠಗಳಿಗೆ ಫೋನ್ ಮಾಡಿ ತಮ್ಮ ಹೆಸರಿನಲ್ಲಿ ಸುಳ್ಳು ಹೇಳಿದರು. ನನ್ನಷ್ಟೇ ಮೋಸ ಹೋದವರು ಅವರು. ಅವರ ಎದುರು ನಿಂತು ಕ್ಷಮೆ ಕೇಳಬೇಕೆಂದಿದ್ದೇನೆ. ಅವರು ಬಾಗಿಲು ಹಾಕಿಕೊಂಡರೂ ನನಗೆ ಬೇಸರವಿಲ್ಲ, ನಿಜ ಗೊತ್ತಾಗಿ ಹಾಕಿಕೊಂಡ ಬಾಗಿಲು ಎಂದುಕೊಳ್ಳುತ್ತೇನೆ. ಅದರ ಹೊರಗೆ ನೀನು ನಿನ್ನ ಸೈಕಲ್ ಹಿಡಿದು ನಿಂತಿದ್ದರೆ ನನಗೆ ಬೇರೇನೂ ಬೇಡ. ಏರಿನಲ್ಲಿ ನಿನ್ನ ಬ್ಯಾಗನ್ನೂ ನಾನೇ ಹೊರುತ್ತೇನೆ, ದಾರಿಯಲ್ಲಿ ಈ ಮಾತನ್ನು ಇನ್ನೊಂದು ಸಲ ಎತ್ತುವುದಿಲ್ಲ.

ನಿಂತಿರದಿದ್ದರೆ ಒಬ್ಬಳೇ ಹೋಗುತ್ತೇನೆ. ಪಂಕ್ಚರ್ ಹಾಕಲು ಬರುತ್ತದೆ, ಮಠಗಳಿಗೆ ನನ್ನ ಹೆಸರು ಗೊತ್ತಿದೆ.

ನಿನ್ನ ಉತ್ತರಕ್ಕೆ ಕಾಯುವ,
ಮಂಜುಳಾ
(ಬಸ್ತಿಹಳ್ಳಿ)

ತಾ.ಕ.: ಹತ್ತನೇ ತಾರೀಕು, ಬುಧವಾರ. ಇದನ್ನು ಅಂಚೆಗೆ ಹಾಕುವ ಮುಂಚೆ ಇವತ್ತು ಬೆಳಿಗ್ಗೆ ಕಚೇರಿಗೆ ನಿನ್ನ ಮಾವನವರ ಫೋನ್ ಬಂತು. ಹೊಸದುರ್ಗದ ಕಡೆಯವರು ಅವರಿಗೆ ಸುದ್ದಿ ಮುಟ್ಟಿಸಿದ್ದಾರೆ. ಕ್ಷಮೆ ಕೇಳಲು ನಾನು ಬಾಯಿ ತೆಗೆಯುವುದರೊಳಗೆ ಅವರೇ, ‘ಮಠಕ್ಕೆ ನೀವೇ ಫೋನ್ ಮಾಡಿ ಎಲ್ಲಾ ಹೇಳಿದ್ರಂತಲ್ಲಮ್ಮ, ಯಾಕ್ ಬೇಕಿತ್ತು? ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಅಂತ ತಾನೆ ನಾನೇ ತಿಪಟೂರು ಅಂತ ಹೇಳಿದ್ದು’ ಎಂದರು. ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು. ‘ಉಷಾ ಮೊದಲ್ನೇ ಸಲ ನಿಮ್ಮನ್ನ ಕರ್ಕೊಂಡು ಬಂದಾಗ್ಲೇ ಹೇಳಿದ್ಲಮ್ಮ. ನಾವೇನಾದ್ರೂ ಯಾವತ್ತಾದ್ರೂ ಕಮ್ಮಿ ಮಾಡಿದ್ವಾ? ನಿಮಗೆ ಅಂತ್ಲೇ ಬೇರೆ ತಟ್ಟೆ ಲೋಟ ತರಿಸಿದ್ದೆ. ಅದೂ ಪಿಂಗಾಣಿದು, ಒಳ್ಳೇದೇ’ ಎಂದರು. ಅಂಚಿಗೆ ನೀಲಿ ಹೂವಿನ ಬಳ್ಳಿ ಇರುವ ತಟ್ಟೆ ಅದು. ನೀವೆಲ್ಲ ಸ್ಟೀಲಿನಲ್ಲಿ ಉಣ್ಣುವಾಗ ನನಗೆ ಮಾತ್ರ ಅದು ಬರುತ್ತಿತ್ತು, ಮನೆಗೆ ಬಂದ ಗೆಳತಿಗೆ ಮಾಡುವ ಮರ್ಯಾದೆ ಎಂದುಕೊಂಡಿದ್ದೆ. ಪ್ರತಿ ಸಲವೂ ಅದನ್ನು ಹಿತ್ತಿಲ ಗೂಡಿನಿಂದ ತಂದು ಒರೆಸಿ ನನ್ನ ಮುಂದೆ ಇಡುತ್ತಿದ್ದವಳು ನೀನು. ಮನೆಯವರಿಗೆ ಹೇಳು ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ ಓದಿಕೋ. ಇಪ್ಪತ್ತನೇ ತಾರೀಕು ನಾನು ಅಮ್ಮನ ಮನೆಯಿಂದ ಹೊರಡುತ್ತೇನೆ, ಅರಸೀಕೆರೆಯ ಮೇಲೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು ಉಷಾ. ಏನೂ ಗೊತ್ತಿಲ್ಲದೆ ಉಂಡವಳು ನಾನೊಬ್ಬಳೇ.